ಕೊನೇ ಸಾಲಿನ ಕಿವಿ

ಅಕ್ಕ ಪೆನ್ಸಿಲನ್ನು ತುರುಬಿಗೆ ಸಿಕ್ಕಿಸಿ, ರಬ್ಬರನ್ನು ಮಾತ್ರ ಕೈಯಲ್ಲಿ ಹಿಡಿದಿರುತ್ತಿದ್ದಳು. ಚಾಮರಾಜಪೇಟೆಯ ಶಾಲೆಯೊಂದರಲ್ಲಿ ಮಕ್ಕಳ ತಂತಿವಾದ್ಯ ತಂಡಕ್ಕೆ ಅವಳು ಮೇಡಂ. ಒಂದು ವರ್ಷ ಆಪೆರಾ ಎಂಬ ಪಾಶ್ಚಾತ್ಯ ಸಂಗೀತನಾಟಕದ ಹಾಡೊಂದನ್ನು ತಂಡಕ್ಕೆ ಹೊಂದಿಸಿ ಬರೆದಳು. ಗಾಯಕಿ ಹಾಡಬೇಕಾದ ರಾಗವನ್ನು ಪಿಟೀಲುಗಳಿಗೆ ಕೊಡದೆ, ಯಾವಾಗಲೂ ಹಿಂದೆ ನಿಂತು ದಪ್ಪ ದನಿಯಲ್ಲಿ ಗುಂಯ್‌ಗುಡುವ ಎರಡು ಡಬಲ್ ಬಾಸ್‌ಗಳಿಗೆ ಕೊಟ್ಟಳು. ಅವನ್ನು ನುಡಿಸುವ ಹುಡುಗಿಯರಿಗಿಂತ ವಾದ್ಯಗಳೇ ಎತ್ತರ.

ಏಳನೇ ಕ್ಲಾಸಿಗೆ ಓದು ಬಿಟ್ಟು ಬಳೇಪೇಟೆಯಲ್ಲಿ ಬಳೆ ಮಾರುವ ನನ್ನನ್ನು ಅಭ್ಯಾಸಕ್ಕೆ ಕರೆದು ಕೊನೇ ಸಾಲಿನಲ್ಲಿ ಕೂರಿಸುತ್ತಿದ್ದಳು. "ಸಂಗೀತ ಗೊತ್ತಿರೋರು ಇಲ್ಲದ್ದನ್ನೂ ಕೇಳಿಸ್ಕೊಂಡ್ಬಿಡ್ತಾರೆ. ನಿನ್ ಕಿವಿನೇ ಬೇಕು ಕಣೋ. ಬಾಸ್ ಕೇಳಿಸ್ತಾ?"

"ಇಲ್ಲಕ್ಕ" ಎಂದರೆ ಪಿಟೀಲಿನ ಸ್ವರಗಳನ್ನು ಒಂದಷ್ಟು ಅಳಿಸಿ, ಮತ್ತೆ ನುಡಿಸಿ, ಮತ್ತೆ ಕೇಳುವಳು.

ಕೊನೆಯ ಅಭ್ಯಾಸದ ದಿನ ನಾನು ಫೋನಿನಲ್ಲಿ ಕ್ರಿಕೆಟ್ ನೋಡುತ್ತಿದ್ದೆ.

"ಕೇಳಿಸ್ತೇನೋ?"

"ಚೆನ್ನಾಗ್ ಕೇಳಿಸ್ತಕ್ಕ" ಎಂದುಬಿಟ್ಟೆ. ಅವಳು ನಂಬಿ, ರಬ್ಬರನ್ನು ಚೀಲಕ್ಕೆ ಹಾಕಿದಳು.

ಕಾರ್ಯಕ್ರಮದಲ್ಲಿ ಪಿಟೀಲುಗಳೇ ಸಭಾಂಗಣವನ್ನು ತುಂಬಿಕೊಂಡವು. ನನ್ನ ಪಕ್ಕ ಬಾಸ್ ನುಡಿಸುವ ಹುಡುಗಿಯೊಬ್ಬಳ ತಂದೆ ಕೂತಿದ್ದರು. ಮಗಳು ಬೆವರುತ್ತ ಕಮಾನು ಎಳೆಯುತ್ತಿದ್ದಾಗಲೇ ನನ್ನತ್ತ ಬಾಗಿ, "ನಮ್ ಮಗೂಗೆ ರಾಗ ಕೊಟ್ಟಿದಾರಂತಲ್ಲ, ಅದ್ ಯಾವಾಗ್ ಬರುತ್ತೆ ಸಾರ್?" ಎಂದರು.

ಮುಗಿದ ಮೇಲೆ ಅಕ್ಕ ಮೊದಲು ನನ್ನ ಹತ್ತಿರವೇ ಓಡಿಬಂದಳು. "ಕೇಳಿಸ್ತಾ?" ನಾನು ಆಗಲೂ ಹೂಂ ಅಂದೆ.

ಅಕ್ಕ ತೀರಿಕೊಂಡು ಎರಡು ವರ್ಷ. ಸಂಜೆ ಬೇಗ ಅಂಗಡಿ ಬಾಗಿಲು ಹಾಕಿ ಬರುವಾಗ ಒಮ್ಮೊಮ್ಮೆ ಆ ಶಾಲೆಯ ಗೇಟಿನ ಹತ್ತಿರ ಸ್ಕೂಟರ್ ನಿಲ್ಲಿಸುತ್ತೇನೆ. ಒಳಗೆ ಮಕ್ಕಳು ನುಡಿಸುತ್ತಿರುತ್ತಾರೆ. ಪಿಟೀಲುಗಳ ನಡುವೆ ಬಾಸ್ ಹುಡುಕುತ್ತ ತುಂಬಾ ಹೊತ್ತು ನಿಲ್ಲುತ್ತೇನೆ.

"ಇಲ್ಲಕ್ಕ, ಕೇಳಿಸ್ತಿಲ್ಲ" ಎಂದು ಅಲ್ಲಿಂದಲೇ ಹೇಳುತ್ತೇನೆ.