ಹೊಂಗಡಹಳ್ಳದ ದಾರಿಯಲ್ಲಿ ಸಾಲುಗಟ್ಟಿ ನಿಂತಿದ್ದ ಗಾಡಿಗಳು

ನಂಬಿ ಎಂದು ನಾನು ಯಾರನ್ನೂ ಒತ್ತಾಯಿಸುವುದಿಲ್ಲ. ರಸ್ತೆಯಲ್ಲಿ ಹೋಗುವ ಗಾಡಿಗಳನ್ನು ಎಣಿಸಿ ವರದಿ ಬರೆಯುವುದು ನನ್ನ ಕೆಲಸವಾಗಿತ್ತು. ಕಣ್ಣಿಗೆ ಕಂಡದ್ದನ್ನಷ್ಟೇ ಬರೆದು ಅಭ್ಯಾಸ. ಆ ರಾತ್ರಿ ಕಂಡದ್ದನ್ನೂ ಹಾಗೇ ಹೇಳುತ್ತಿದ್ದೇನೆ.

ಸಕಲೇಶಪುರದ ಆಚೆಯ ಬೆಟ್ಟಗಳಲ್ಲಿ ಅಣು ವಿದ್ಯುತ್ ಸ್ಥಾವರ ಕಟ್ಟಬಹುದೇ ಎಂದು ಜಾಗ ನೋಡುತ್ತಿದ್ದ ಕಾಲ. ಬರುತ್ತದೆ ಎಂದು ಯಾರೂ ಹೇಳಿರಲಿಲ್ಲ, ಬರುವುದಿಲ್ಲ ಎಂದೂ ಹೇಳಿರಲಿಲ್ಲ. ಒಂದು ವೇಳೆ ಬಂದು, ಏನಾದರೂ ಅನಾಹುತವಾದರೆ ಸುತ್ತಲಿನ ಜನ ಯಾವ ರಸ್ತೆಯಲ್ಲಿ, ಎಷ್ಟು ಹೊತ್ತಿನಲ್ಲಿ ಹೊರಗೆ ಹೋಗಬಹುದು? ಆ ಯೋಜನೆ ತಯಾರಿಸುತ್ತಿದ್ದ ಖಾಸಗಿ ಕಚೇರಿಯಲ್ಲಿ ನಾನಿದ್ದೆ. ಮತದಾರರ ಪಟ್ಟಿ ನೋಡಿ ಊರೂರಿಗೂ ಬಸ್ಸು ಹಂಚಿಯಾಗಿತ್ತು. ರಾತ್ರಿ ಹೊತ್ತು ದಾರಿ ಎಷ್ಟು ಸಮಯ ಹಿಡಿಯುತ್ತದೆ ಎಂದು ನೋಡುವುದೊಂದು ಬಾಕಿ.

ರಾತ್ರಿ ಒಂದೂವರೆಗೆ ಹೊಂಗಡಹಳ್ಳದಿಂದ ಹೊರಟೆವು. ಜೀಪು ಕೆ. ಹೊಸಕೋಟೆಯ ಮಂಜಣ್ಣನದು, ಓಡಿಸುತ್ತಿದ್ದವರೂ ಅವರೇ. ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಪಕ್ಕದ ಕಾಫಿ ಗಿಡಗಳೂ ಕಾಣುತ್ತಿರಲಿಲ್ಲ.

ಒಂದು ತಿರುವಿನಲ್ಲಿ ಮಂಜಣ್ಣ ಬ್ರೇಕ್ ಒತ್ತಿದರು.

ಮುಂದೆ ಕೆಂಪು ದೀಪಗಳು.

"ಯಾವ್ದೋ ಲಾರಿ ಕೆಟ್ಟು ನಿಂತೈತೇನೋ," ಎಂದರು.

ಲಾರಿಯಲ್ಲ. ಪಿಕಪ್ಪು, ಅದರ ಮುಂದೆ ಕಾರು, ಟ್ರಾಕ್ಟರು, ಒಂದು ಜೀಪು... ಇಳಿಜಾರಿನುದ್ದಕ್ಕೂ ಕೆಂಪು ದೀಪಗಳ ಸಾಲು. ಎಲ್ಲ ಗಾಡಿಗಳ ಎಂಜಿನ್ನೂ ಓಡುತ್ತಿತ್ತು. ಒಬ್ಬರೂ ಹಾರ್ನ್ ಹೊಡೆಯುತ್ತಿರಲಿಲ್ಲ. ಡೀಸೆಲ್ ಹೊಗೆ, ಸುಟ್ಟ ಕ್ಲಚ್ಚಿನ ವಾಸನೆ ಗಂಟಲಿಗೆ ಬಡಿಯಿತು.

"ಹಿಂದಕ್ಕೆ ತಗೊಳ್ಳಿ ಮಂಜಣ್ಣ."

ಅವರು ಕನ್ನಡಿ ನೋಡಿದರು. ದನಿ ಸಣ್ಣದಾಯಿತು. "ಆಗಲ್ಲ ಮೇಡಂ... ಹಿಂದ್ಗಡೇನೂ ಗಾಡಿ ನಿಂತವೆ."

ಆಗ ಹೆಜ್ಜೆ ಸಪ್ಪಳ ಕೇಳಿತು.

ಗಾಡಿಗಳಿಗೂ ಚರಂಡಿಗೂ ನಡುವೆ ಹಿಂದಿನಿಂದ ಜನ ನಡೆದು ಬರುತ್ತಿದ್ದರು. ಮೂಗಿಗೆ ಒದ್ದೆ ಬಟ್ಟೆ. ಒಬ್ಬನ ತಲೆಯ ಮೇಲೆ ಹಾಸಿಗೆ ಸುರುಳಿ, ಇನ್ನೊಬ್ಬಳ ಕಂಕುಳಲ್ಲಿ ಕುಕ್ಕರು. ಮಾತಿಲ್ಲ... ಅಳುವೂ ಇಲ್ಲ. ಕೆಮ್ಮು ಮಾತ್ರ.

ಒಬ್ಬ ಹೆಂಗಸು ನನ್ನ ಕಿಟಕಿಯ ಪಕ್ಕ ನಿಂತಳು. ಗಾಜಿನ ಮೇಲೆ ಕೈಯಿಟ್ಟಳು. ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ಸುಟ್ಟ ಕಲೆ. ಸೊಂಟದ ಮೇಲೆ ಮೂರು ವರ್ಷದ ಮಗು, ಅದರ ಹಣೆಯ ಮೇಲೆ ಒಂದೇ ಒಂದು ಹಿಡಿ ಬೆಳ್ಳಗಿನ ಕೂದಲು. ನಾನು ಗಾಜು ಇಳಿಸಿದೆ.

"ಅಮ್ಮೋರೆ, ನಮ್ ಲೈನ್‌ಗೆ ಬಸ್ ಬರುತ್ತಾ? ಕಾದೂ ಕಾದೂ ನಡ್ಕೊಂಡ್ ಬಂದ್ಬುಟ್ವಿ."

ಲೈನ್ ಎಂದರೆ ಎಸ್ಟೇಟ್ ಕೂಲಿಯವರ ಸಾಲುಮನೆ. ಹೊರಗಿನಿಂದ ಬಂದ ಅವರ ಹೆಸರು ಇಲ್ಲಿನ ಮತದಾರರ ಪಟ್ಟಿಯಲ್ಲಿರಲಿಲ್ಲ. ನಮ್ಮ ಪಟ್ಟಿಯಲ್ಲೂ ಇರಲಿಲ್ಲ. ಅದು ನೆನಪಾಯಿತು. ಆದರೂ, "ಬರುತ್ತೆ," ಎಂದುಬಿಟ್ಟೆ.

ಅವಳು ತಲೆಯಾಡಿಸಿದಳು. ಮಗುವನ್ನು ಮೇಲಕ್ಕೆ ಸರಿಸಿಕೊಂಡು ತಿರುಗಿದಳು... ಬಂದ ದಾರಿಯಲ್ಲೇ, ಎಲ್ಲರ ಎದುರು ದಿಕ್ಕಿಗೆ, ಬಸ್ಸಿಗೆ ಕಾಯಲು ಹೊರಟಳು.

"ಬೇಡ! ಹಿಂದೆ ಹೋಗಬೇಡ!" ಎಂದು ಕೂಗುತ್ತಾ ಬಾಗಿಲು ತೆಗೆದು ಇಳಿದೆ.

ರಸ್ತೆ ಖಾಲಿ. ಒದ್ದೆ ಡಾಂಬರು, ನಮ್ಮ ಜೀಪಿನ ಬೆಳಕು, ಅಷ್ಟೇ.

ಮಂಜಣ್ಣ ಜೀಪನ್ನು ಸೀದಾ ಸಕಲೇಶಪುರಕ್ಕೆ ಓಡಿಸಿದರು. ಇಳಿಯುವಾಗ ಹೇಳಿದರು: "ಮುಂದ್ಗಡೆ ನಾಕನೇ ಗಾಡಿ ನೋಡಿದ್ರಾ ಮೇಡಂ? ಅದರ ನಂಬರು ನನ್ ಜೀಪಿಂದೇ." ಮುಂದಿನ ವಾರ ಅವರು ಜೀಪು ಮಾರಿಬಿಟ್ಟರು.

ಆ ರಾತ್ರಿ ಕಳೆದು ಬೆಳಿಗ್ಗೆ ಒಬ್ಬಳೇ ಆ ರಸ್ತೆಗೆ ಹೋದೆ. ಒಂದೊಂದೇ ಎಸ್ಟೇಟಿನ ಲೈನಿಗೆ ಹೋಗಿ ತಲೆ ಎಣಿಸಿದೆ. ಮೂರನೆಯ ಲೈನಿನಲ್ಲಿ ಪಾತ್ರೆ ಉಜ್ಜುತ್ತಿದ್ದ ಹೆಂಗಸು ಮುಖ ಎತ್ತಿದಳು. ಅದೇ ಮುಖ. ಕೈಯಲ್ಲಿ ಅದೇ ಸುಟ್ಟ ಕಲೆ. ಹೆಸರು ಕಮಲ. ತುಂಬು ಬಸುರಿ.

"ಮಕ್ಕಳೆಷ್ಟು?" ಎಂದೆ.

"ಇದೇ ಮೊದಲ್ನೇದು ಅಮ್ಮೋರೆ," ಎಂದು ನಾಚಿದಳು. ಅವಳಿಗೆ ನನ್ನ ಗುರುತೇ ಇರಲಿಲ್ಲ.

ಯೋಜನೆಗೆ ಲೈನುಗಳ ಬಸ್ಸುಗಳನ್ನು ಸೇರಿಸಿದೆ. ಪಟ್ಟಿಯಲ್ಲಿಲ್ಲದವರಿಗೆ ಬಸ್ಸು ತೋರಿಸಲು ಬರುವುದಿಲ್ಲ ಎಂದು ನಮ್ಮ ಮೇಲಿನವರು ಹೊಡೆದುಹಾಕಿದರು. ಮತ್ತೆ ಬರೆದೆ, ಮತ್ತೆ ಹೊಡೆದುಹಾಕಿದರು. ಕೊನೆಗೆ ಕೆಲಸ ಬಿಟ್ಟೆ. ವರದಿ ಮಾತ್ರ ನನ್ನ ಹೆಸರಿನಲ್ಲೇ ಹೋಯಿತು.

ಕಮಲಳಿಗೆ ಹೆಣ್ಣು ಮಗುವಾಯಿತು. ಹಣೆಯ ಮೇಲೆ ಬೆಳ್ಳಗಿನ ಕೂದಲಿದೆ... ಎತ್ತಿಕೊಂಡಾಗ ನಾನೇ ಸವರಿ ನೋಡಿದೆ. ಈಗ ಅದಕ್ಕೆ ಎರಡು ವರ್ಷ ತುಂಬಿದೆ. ಸ್ಥಾವರದ ವಿಷಯ ಕೇಳಿದರೆ ಯಾರೂ ಹೌದು ಎನ್ನುವುದಿಲ್ಲ, ಇಲ್ಲ ಎನ್ನುವುದಿಲ್ಲ. ಇದ್ದಕ್ಕಿದ್ದಂತೆ ಡೀಸೆಲ್ ವಾಸನೆ ಬಂದರೆ ಇಂದಿಗೂ ಹಿಂದೆ ತಿರುಗಿ ನೋಡುತ್ತೇನೆ.

ಹೋದ ತಿಂಗಳು ಕಮಲಳನ್ನು ಕೂರಿಸಿಕೊಂಡು ಹೇಳಿದೆ. "ಏನಾದ್ರೂ ಆದ್ರೆ, ಬಸ್ ಬರುತ್ತೆ ಅಂತ ಯಾರು ಹೇಳಿದ್ರೂ ಕಾಯಬೇಡ ಕಮಲ. ಮಗು ಎತ್ಕೊಂಡು ನಡೀತಾ ಇರು. ತಿರುಗಿ ಬರಬೇಡ."

ಕಮಲ ನಕ್ಕಳು.

"ಬ್ಯಾರೆ ಯಾರ್ ಹೇಳಿದ್ರೂ ಕಾಯಲ್ಲ ಬುಡಿ ಅಮ್ಮೋರೆ. ನೀವ್ ಹೇಳಿದ್ರೆ ಮಾತ್ರ ಕಾಯ್ತೀನಿ."