ವರ್ಲೀನಳ ಕಾಲ್ಗುಣ ಮತ್ತು ಪೀಕಾನ್ ಬೌಲ್

ಮದುವೆಯಾಗಿ ಬಂದ ವರ್ಷವೇ ವರ್ಲೀನ್ ಟಾಲಿವರ್‌ಳ ಕಾಲ್ಗುಣ ಸರಿಯಿಲ್ಲವೆಂದು ಅಲಬಾಮದ ಆ ಸಣ್ಣ ಊರು ತೀರ್ಮಾನಿಸಿಬಿಟ್ಟಿತ್ತು. ಅತ್ತೆ ಮಾವನಿಗೆ ಏನೂ ಆಗಿರಲಿಲ್ಲ, ಇಬ್ಬರೂ ಗುಂಡುಕಲ್ಲಿನಂತಿದ್ದರು. ಕೇಡಾದದ್ದು ಊರಿಗೇ ಪ್ರಾಣವಾಗಿದ್ದ ಹಾರ್ಲೋ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ. ಹೊಸ ಸೊಸೆ ಮೊದಲ ಸಲ ಟಿವಿ ಮುಂದೆ ಕೂತ ದಿನ, ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುತ್ತಿದ್ದ ಹುಡುಗ ಇನ್ನೇನು ಗೆರೆ ದಾಟಬೇಕು, ಚೆಂಡು ಸೋಪಿನಂತೆ ಜಾರಿತು. ಮುಂದಿನ ವಾರವೂ ಕೂತಳು, ಮತ್ತೆ ಸೋಲು. ಅದರ ಮುಂದಿನ ವಾರ ಗಂಡ ಹೋಯ್ಟ್ ಮೆತ್ತಗೆ, "ಚಿನ್ನಾ, ಅಡುಗೆಮನೇಲಿ ಏನೋ ಸೀದ ವಾಸನೆ ಬರ್ತಿದೆ, ಸ್ವಲ್ಪ ನೋಡ್ತೀಯಾ?" ಎಂದ. ಒಲೆಯೇ ಹಚ್ಚಿರಲಿಲ್ಲ. ಆದರೆ ಅವಳು ಅತ್ತ ಹೋದದ್ದೇ ತಡ, ಹಾರ್ಲೋ ಗೆದ್ದಿತು.

ಅಲ್ಲಿಂದ ಮುಂದೆ ಪ್ರತಿ ಶನಿವಾರವೂ ಅವಳಿಗೆ ಹಜಾರದಿಂದ ಗಡೀಪಾರು. ಗೋಡೆಯಾಚೆಯ ಕೂಗಾಟ ಕೇಳಿಯೇ ಆಟದ ಗತಿ ತಿಳಿದುಕೊಳ್ಳುತ್ತ ಮೂವತ್ತು ವರ್ಷ ಕಳೆದಳು. ಊರಿನ ಹೆಂಗಸರ ತಲೆಗೂದಲನ್ನೆಲ್ಲ ಕತ್ತರಿಸಿ, ಸುರುಳಿ ಸುತ್ತುವ ಸಲೂನು ಅವಳದು. ಅಲ್ಲಿಯೂ ತಮಾಷೆಗೆ ಬಿಡುವಿರಲಿಲ್ಲ. "ಮಿಸ್ ವರ್ಲೀನ್, ಈ ಶನಿವಾರ ಕಣ್ಣಿಗೆ ಬಟ್ಟೆ ಕಟ್ಕೊಂಡಿರ್ತೀರಿ ತಾನೆ?" ಎಂದು ಬಂದವರೆಲ್ಲ, ಮದುವೆಯಾದವರನ್ನೂ 'ಮಿಸ್' ಎನ್ನುವ ಆ ಕಡೆಯ ವಾಡಿಕೆಯಂತೆ, ಕೇಳುವವರೇ. ಅವಳೂ ನಗುತ್ತಿದ್ದಳು. ನಗದಿದ್ದರೆ ವ್ಯಾಪಾರ ನಡೆಯುವುದು ಹೇಗೆ?

ಆ ವರ್ಷ ಹಾರ್ಲೋ ತಂಡ ದೇಶದ ಪಟ್ಟಿಯಲ್ಲಿ ಹದಿನಾಲ್ಕನೆಯದಾಗಿ, ಹತ್ತೊಂಬತ್ತನೆಯ ಸ್ಥಾನದ ಕಿನ್‌ಕೇಡ್ ಜತೆ ಮೊಬೀಲ್ ನಗರದಲ್ಲಿ ವರ್ಷದ ಕೊನೆಗೆ ನಡೆಯುವ ದೊಡ್ಡ ಪಂದ್ಯವಾದ ಪೀಕಾನ್ ಬೌಲ್‌ನಲ್ಲಿ ಆಡುವುದೆಂದು ಗೊತ್ತಾಯಿತು. ಕ್ರಿಸ್‌ಮಸ್ ಮುಗಿದ ಮೇಲಿನ ಶನಿವಾರ. ಊರಿನಿಂದ ಎರಡು ಬಸ್ಸು ಹೊರಡುವುದೆಂದಾಯಿತು. ಅಷ್ಟರಲ್ಲಿ ಸಲೂನಿನ ಹಳೆಯ ಗಿರಾಕಿ ಮಿಸ್ ಯೂಲಾ ಮೆಟ್ಟಿಲಿಂದ ಬಿದ್ದು ಸೊಂಟ ಮುರಿದುಕೊಂಡಳು. ಆಸ್ಪತ್ರೆಯ ಹಾಸಿಗೆಯಿಂದಲೇ ತನ್ನ ಟಿಕೆಟನ್ನು ವರ್ಲೀನಳ ಕೈಗಿಟ್ಟು, "ನೀನು ಹೋಗು. ಊರಿನೋರ ಮುಖ ಹೇಗಾಗತ್ತೆ ಅಂತ ನಂಗೆ ಬಂದು ಹೇಳು" ಎಂದಳು.

ಸುದ್ದಿ ಹಬ್ಬಿದ ಮರುದಿನವೇ ಸಲೂನಿಗೆ ನಿಯೋಗ ಬಂತು. ಮುಂದಾಳು ಬ್ಯಾಪ್ಟಿಸ್ಟ್ ಚರ್ಚಿನ ಪಾದ್ರಿ ಬ್ರದರ್ ಕ್ಲೀಟಸ್. ಅವನ ಹಿಂದೆ ಬಸ್ಸಿನ ಉಸ್ತುವಾರಿ ಹೊತ್ತ ಡೆಲ್ಬರ್ಟ್, ಕೈಯಲ್ಲಿ ಲಂಚದ ಕೇಕು.

"ಮಿಸ್ ವರ್ಲೀನ್, ಕಾಲ್ಗುಣ ಗೀಲ್ಗುಣ ಅನ್ನೋದೆಲ್ಲ ಮೂಢನಂಬಿಕೆ. ದೇವರು ಮೆಚ್ಚಲ್ಲ" ಎಂದು ಬ್ರದರ್ ಕ್ಲೀಟಸ್ ಗಂಟಲು ಸರಿಮಾಡಿಕೊಂಡ. "ಆದ್ರೂ, ನೀವು ಕಿನ್‌ಕೇಡ್‌ನೋರ ಕಡೆ ಕೂತ್ರೆ ಹೇಗೆ ಅಂತ."

"ಅಂದ್ರೆ ನನ್ನ ಪೀಡೆ ಅವರಿಗೆ ತಗುಲಲಿ ಅಂತಾನಾ, ಬ್ರದರ್?"

"ಛೆ, ಛೆ! ಹಾಗಂದೋರು ಯಾರು?" ಎಂದ ಡೆಲ್ಬರ್ಟ್, ಆ ಕಡೆಯ ಟಿಕೆಟನ್ನು ಜೇಬಿನಿಂದ ತೆಗೆಯುತ್ತ.

ಆಟ ನೋಡಿದರೆ ಸಾಕು, ಎಲ್ಲಿ ಕೂತರೇನು ಎಂದುಕೊಂಡು ವರ್ಲೀನ್ ಒಪ್ಪಿದಳು. ಕೇಕನ್ನೂ ಬಿಡಲಿಲ್ಲ.

ಹೀಗೆ ಅವಳು ಕಿನ್‌ಕೇಡ್‌ನವರ ಹಸಿರು ಟೊಪ್ಪಿಗೆಗಳ ಸಮುದ್ರದ ನಡುವೆ ಬೂದು ಕೋಟು ತೊಟ್ಟು ಒಬ್ಬಳೇ ಕೂತಳು. ಪಕ್ಕದಲ್ಲಿ ಆರ್ವಿಲ್ ಎಂಬ ದಢೂತಿ ಆಸಾಮಿ. ಅವಳು ತಮ್ಮವಳೇ ಎಂದುಕೊಂಡು ಬೇಯಿಸಿದ ಕಡಲೆಕಾಯಿಯ ಪೊಟ್ಟಣ ಮುಂದೆ ಹಿಡಿದ. ಆದರೆ ಪೀಡೆ ದಾರಿ ತಪ್ಪಿದಂತಿತ್ತು. ಅರ್ಧ ಆಟ ಮುಗಿಯುವಾಗ ಕಿನ್‌ಕೇಡ್ ಹದಿನೇಳು, ಹಾರ್ಲೋ ಸೊನ್ನೆ. ಫೋನು ಬಡಿದುಕೊಂಡಿತು.

"ವರ್ಲೀನ್, ಚಿನ್ನಾ, ಒಂದ್ ಸ್ವಲ್ಪ ಹೊತ್ತು ಕಣ್ಣು ಮುಚ್ಕೋತೀಯಾ? ಇಲ್ಲಿ ಎಲ್ರೂ ನನ್ನ ಮುಖಾನೇ ನೋಡ್ತಿದ್ದಾರೆ" ಎಂದ ಹೋಯ್ಟ್, ಎದುರಿನ ಹಾರ್ಲೋ ಕಡೆಯಿಂದ.

"ನಿನ್ನ ಮುಖ ನೋಡಿದ್ರೆ ಯಾವ ತಂಡ ಗೆಲ್ಲತ್ತೆ?" ಎಂದವಳೇ ವರ್ಲೀನ್ ಫೋನು ಆರಿಸಿ ಚೀಲಕ್ಕೆ ತುರುಕಿದಳು.

ಆಮೇಲೆ ಅವಳಿಗೆ ಮೈಮೇಲಿನ ಪರಿವೆಯೇ ಇರಲಿಲ್ಲ. ಗೋಡೆಯಾಚೆ ಇಷ್ಟು ವರ್ಷ ಬರೀ ಸದ್ದಾಗಿದ್ದದ್ದು ಈಗ ಕಣ್ಣೆದುರಿಗಿತ್ತು. ಹುಡುಗರ ಉಸಿರು ಚಳಿಗೆ ಹೊಗೆಯಾಡುತ್ತಿತ್ತು, ಎದೆಗೆ ಎದೆ ಢಿಕ್ಕಿ ಹೊಡೆಯುವುದು ಮೇಲಿನ ಸಾಲಿಗೂ ಕೇಳುತ್ತಿತ್ತು. ಹಾರ್ಲೋದ ಹುಡುಗನೊಬ್ಬ ನಾಲ್ವರ ಕೈಯಿಂದ ನುಣುಚಿಕೊಂಡು ಗೆರೆ ದಾಟಿದಾಗ ಅವಳು ಎದ್ದು ನಿಂತು, "ಓಡೋ ನನ್ನ ರಾಜಾ!" ಎಂದು ಕಿರುಚಿಬಿಟ್ಟಳು. ಸುತ್ತಲಿನ ಹಸಿರೆಲ್ಲ ತಿರುಗಿ ನೋಡಿತು.

"ಅಯ್ಯೋ, ಶತ್ರುಗಾ ನಾನು ಕಡಲೆಕಾಯಿ ತಿನ್ನಿಸ್ತಿದ್ದದ್ದು?" ಎಂದ ಆರ್ವಿಲ್.

"ತಿಂದಿದ್ದಾಯ್ತಲ್ಲ, ಇನ್ನೇನು ಮಾಡ್ತೀರಿ?"

ಅವನು ಹೊಟ್ಟೆ ಕುಣಿಸಿ ನಕ್ಕು ಇಡೀ ಪೊಟ್ಟಣವನ್ನೇ ಅವಳ ಮಡಿಲಿಗೆ ಹಾಕಿದ.

ಫೋನು ಸತ್ತದ್ದು ಕಂಡು ಗಾಬರಿಯಾದ ಹೋಯ್ಟ್ ಕ್ರೀಡಾಂಗಣ ಸುತ್ತಿ ಏದುಸಿರು ಬಿಡುತ್ತ ಬಂದ. ಹೇಗಾದರೂ ಮಾಡಿ ಅವಳನ್ನು ಹೊರಗೆ ಕರೆದೊಯ್ಯುವುದು ಅವನ ಲೆಕ್ಕ. ಆದರೆ ಕಂಡದ್ದು ಕೂದಲು ಕೆದರಿ, ಅಂಪೈರನ ವಂಶವನ್ನೆಲ್ಲ ಜಾಲಾಡುತ್ತಿದ್ದ ಹೆಂಡತಿ. ಈ ಮುಖವನ್ನು ಅವನು ಎಂದೂ ನೋಡಿರಲಿಲ್ಲ.

"ಇಲ್ಲೇನಕ್ಕೆ ಬಂದೆ?" ಎಂದಳು ಅವಳು, ಕಣ್ಣನ್ನು ಮೈದಾನದಿಂದ ಕೀಳದೆ.

"ಸುಮ್ನೆ. ನಿನ್ ಜೊತೆ ನೋಡೋಣ ಅಂತ."

ಆರ್ವಿಲ್ ಸರಿದು ಜಾಗ ಮಾಡಿಕೊಟ್ಟ. ಅಷ್ಟರಲ್ಲಿ ಒಂದು ಒದೆತದಿಂದ ಮೂರು ಅಂಕ ಗಳಿಸಿದ್ದ ಹಾರ್ಲೋ ಕೊನೆಯ ನಿಮಿಷದಲ್ಲಿ ಮತ್ತೊಮ್ಮೆ ಗೆರೆ ದಾಟಿತು. ಹದಿನೇಳಕ್ಕೆ ಹದಿನಾರು. ಆಮೇಲಿನ ಒದೆತ ಕಂಬಗಳ ನಡುವೆ ತೂರಿದರೆ ಇನ್ನೊಂದು ಅಂಕ, ಆಟ ಸಮ. ಗಂಡ ಹೆಂಡತಿ ಬೆರಳು ನೋಯುವಷ್ಟು ಬಿಗಿಯಾಗಿ ಕೈ ಹಿಡಿದುಕೊಂಡರು. ಚೆಂಡು ಹಾರಿತು, ಬಲಗಂಬಕ್ಕೆ ಠಣ್ ಎಂದು ಬಡಿದು ಆಚೆಗೆ ಬಿತ್ತು.

ಮರಳುವಾಗ ಬಸ್ಸು ಸಾವಿನ ಮನೆಯಂತಿತ್ತು. ಬಹಳ ಹೊತ್ತು ತಡೆದುಕೊಂಡಿದ್ದ ಡೆಲ್ಬರ್ಟ್, "ನಾನು ಯಾರನ್ನೂ ದೂರಲ್ಲ, ಆದ್ರೆ..." ಎಂದು ರಾಗ ಎಳೆದ.

ಹೋಯ್ಟ್ ಎದ್ದು ನಿಂತ. "ಚೆಂಡು ಒದ್ದೋನು ಆ ಹುಡುಗ, ನನ್ನ ಹೆಂಡ್ತಿ ಅಲ್ಲ. ಮೂವತ್ತು ವರ್ಷ ಇವಳನ್ನ ಅಡುಗೆಮನೇಲಿ ಕೂರ್ಸಿದ್ವಲ್ಲ, ಅಷ್ಟರಲ್ಲಿ ಎಷ್ಟು ಸಲ ಸೋತಿದ್ದೀವಿ ಅಂತ ಲೆಕ್ಕ ಇದೆಯಾ ನಿಂಗೆ?"

ಹೋಯ್ಟ್ ಕೂತು, ಅವಳ ಕಡೆ ತಿರುಗದೆಯೇ, "ನನ್ನದೇ ತಪ್ಪು ಕಣೇ" ಎಂದ. ವರ್ಲೀನ್ ತಲೆಯನ್ನು ಅವನ ಭುಜಕ್ಕೊರಗಿಸಿದಳು.

ಮುಂದಿನ ಶರತ್ಕಾಲದಿಂದ ಸೋಫಾದ ನಟ್ಟನಡುವಿನ ಜಾಗ ಅವಳದಾಯಿತು. ಹಾರ್ಲೋ ಕೆಲವು ಸಲ ಗೆದ್ದಿತು, ಕೆಲವು ಸಲ ಸೋತಿತು. ಅಕ್ಕಪಕ್ಕದವರು ಆಗಾಗ ಬೇಲಿಯಾಚೆ ನಿಂತು ಹೋಯ್ಟ್‌ನನ್ನು ಬೇಡಿಕೊಳ್ಳುವುದುಂಟು: ಮಿಸ್ ವರ್ಲೀನ್ ಆಟ ನೋಡಲಿ, ಬೇಡವೆನ್ನುವುದಿಲ್ಲ, ಅವಳು ಕಿರುಚುವಾಗ ಕಿಟಕಿಯನ್ನಾದರೂ ಮುಚ್ಚಿ.