ಎರಡನೇ ದಿನದ ಆಟ

ಖಾನಾವಳಿ ಮೌಶಿಯ ಬಲಗೈಯ ತೋರುಬೆರಳು ಮಡಚುತ್ತಿರಲಿಲ್ಲ. ಯಾವ ಕಾಲದಲ್ಲೋ ಹಿಟ್ಟಿನ ಗಿರಣಿಯ ಪಟ್ಟಾಕ್ಕೆ ಸಿಕ್ಕು ಹಾಗೆಯೇ ಸೆಟೆದುಕೊಂಡಿತ್ತಂತೆ. ರೊಟ್ಟಿ ಬಡಿಯುವಾಗ ಆ ಬೆರಳೊಂದೇ ಮೇಲೆದ್ದು ನಿಲ್ಲುತ್ತಿತ್ತು, ನೋಡಿದವರಿಗೆ ಹಿಟ್ಟನ್ನೇ ಗದರಿಸುತ್ತಿದ್ದಾರೆ ಅನ್ನಿಸಬೇಕು. ಗದರಿಸುತ್ತಿದ್ದದ್ದು ನಮ್ಮನ್ನು.

ಗೋವಾದ ವಾಸ್ಕೋದಲ್ಲಿ, ಬಂದರಿಗೆ ಹೋಗುವ ರಸ್ತೆಯಲ್ಲಿ ಅವರ ಖಾನಾವಳಿ. ವಿಜಯಪುರ, ಬಾಗಲಕೋಟೆ ಕಡೆಯಿಂದ ಬಂದು ಸರಕು ಇಳಿಸುವವರು, ಗಾರೆ ಕೆಲಸದವರು, ಕ್ರೇನ್ ಓಡಿಸುವ ನನ್ನಂಥವರು ಎಲ್ಲರಿಗೂ ಊಟ ಅಲ್ಲೇ. ಅಲ್ಲಿ ಕಾಯಿದೆ ಒಂದೇ: ಮೊದಲು ಬಂದವರಿಗೆ ಮೊದಲ ರೊಟ್ಟಿ. ಒಬ್ಬ ಮುಕಾದಮ ತನ್ನ ಕೂಲಿಗಳಿಗಿಂತ ಮುಂಚೆ ತನಗೆ ಬಡಿಸಬೇಕೆಂದು ಹಟ ಹಿಡಿದ. "ಕುಂದರ್ರಿ ಸಾವಕಾರ್ರ, ನಿಮ್ಮ ಪಾಳಿ ಬರ್ತೈತಿ," ಎಂದರು ಮೌಶಿ. ಆತ ಗೊಣಗುತ್ತ ಕೂತ. ಮರುದಿನ ಎಲ್ಲರಿಗಿಂತ ಮೊದಲು ಬಂದು ಬಾಗಿಲಲ್ಲಿ ನಿಂತಿದ್ದ.

ಗೋವಾಕ್ಕೆ ಬಂದ ಮೇಲೆ ಫುಟ್‌ಬಾಲ್ ಹುಚ್ಚು ಹತ್ತದವನು ನನಗಂತೂ ಸಿಕ್ಕಿಲ್ಲ. ಖಾನಾವಳಿಯ ಟಿವಿಯಲ್ಲಿ ಯುರೋಪಿನ ಆಟ ನಡೆದರೆ ಅರ್ಧ ಜನ ಪೋರ್ಚುಗಲ್ ಕಡೆ, ಉಳಿದವರು ಗೆಲ್ಲುವವರ ಕಡೆ. ಮೌಶಿ ಮಾತ್ರ ಇಟಲಿಯೊಳಗಿನ ಪುಟ್ಟ ದೇಶ ಸಾನ್ ಮರಿನೋ ಕಡೆ. ಲೋಕದ ಎಲ್ಲ ತಂಡಗಳ ಪಟ್ಟಿಯಲ್ಲಿ ಅದು ಕಟ್ಟಕಡೆಯದು ಎಂದು ಯಾರೋ ನಕ್ಕಿದ್ದರು, ಅಂದಿನಿಂದ ಅದು ಇವರದಾಯಿತು.

"ಗೆದ್ದವ್ರು ಮ್ಯಾಲ, ಸೋತವ್ರು ಕೆಳಗ. ಇದ್ರಾಗ ಅನ್ಯಾಯ ಏನೈತ್ರಿ ಮೌಶಿ?" ಎಂದು ನಾನು ಕೆಣಕುತ್ತಿದ್ದೆ.

"ಆ ದೇಶದಾಗ ಮಂದಿ ಎಷ್ಟಪಾ?"

"ನಮ್ಮ ವಾಸ್ಕೋಕಿಂತ ಕಡಿಮಿರಿ."

"ಮತ್ತ ಜರ್ಮನಿ ಮಗ್ಗಲದಾಗ ನಿಲ್ಲಿಸಿ ಎತ್ತರ ಅಳದ್ರ ಏನ್ ಕಂಡೀತು?"

"ಹಂಗಂತ ಸಣ್ಣವ್ರನ್ನ ಪುಕ್ಕಟೆ ಮ್ಯಾಲ ಕೂಡ್ಸೂದೇನು?"

"ನಾ ಎಲ್ಲಿ ಕೂಡ್ಸು ಅಂದೆ? ದೊಡ್ಡವ್ರ ಕೈಯಾಗ ಹೊಡತಾ ತಿನ್ನಾಕ ಕಳಸ್ತಾರ, ತಿಂದು ಬಂದ್ರ ಕಡೀ ನಂಬರ ಅಂತಾರ. ಅದನ್ನ ಕೇಳಾಕತ್ತೇನಿ."

ಕ್ರೊಯೇಷಿಯಾನೂ ಸಣ್ಣ ದೇಶವೇ, ಅದು ಮೇಲೆ ಬರಲಿಲ್ಲವೇ ಎಂದು ಯಾರಾದರೂ ಅಡ್ಡ ಹಾಕಿದರೆ ಮೌಶಿ ಪಲ್ಯ ತರುವ ನೆಪದಲ್ಲಿ ಒಳಗೆ ಹೋಗಿಬಿಡುತ್ತಿದ್ದರು.

ಎಷ್ಟೋ ವರ್ಷಗಳ ಮೇಲೆ ಸಾನ್ ಮರಿನೋ ಒಂದು ಆಟ ಗೆದ್ದಿತು. ಬೆಳಿಗ್ಗೆ ಹೋಗಿ ಹೇಳಿದೆ. ಮೌಶಿ ಎಲ್ಲರಿಗೂ ಶೇಂಗಾ ಹೋಳಿಗೆ ಬಡಿಸಿದರು. ಹೊಸ ಪಟ್ಟಿ ಬಂದ ದಿನ ನನ್ನ ಮೊಬೈಲಿಗೆ ಮುಖ ಹಚ್ಚಿ, "ಈಗ ಎಷ್ಟನೇದು?" ಎಂದರು.

"ಕಡೀದ ರಿ."

"ಗೆದ್ರೂ?"

"ಗೆದ್ರೂ."

ಸಂಜೆ ಮೌಶಿ ಟಿವಿ ಹಚ್ಚಲಿಲ್ಲ, ನಾವೂ ಕೇಳಲಿಲ್ಲ. ಅದೇ ವಾರ ನನ್ನನ್ನು ಕರೆದುಕೊಂಡು ವಾರ್ಡಿನ ಫುಟ್‌ಬಾಲ್ ಕ್ಲಬ್ಬಿಗೆ ನಡೆದರು.

ಯಾಕೆಂದರೆ ನಮ್ಮದೂ ಅದೇ ಪಾಡು. ಖಾನಾವಳಿಯ ಹುಡುಗರದೊಂದು ತಂಡವಿತ್ತು, ನಾನು ಅದರ ಕ್ಯಾಪ್ಟನ್. ಚಳಿಗಾಲದ ಟೂರ್ನಮೆಂಟಿನಲ್ಲಿ ಮೊದಲ ನಂಬರಿನ ತಂಡಕ್ಕೆ ಕೊನೆಯ ನಂಬರಿನ ತಂಡವನ್ನು ಜೋಡಿ ಮಾಡುವುದು ಕ್ಲಬ್ಬಿನ ಪದ್ಧತಿ, ಗೆದ್ದವರಿಗಷ್ಟೇ ಎರಡನೇ ದಿನದ ಆಟ. ಕೊನೆಯವರು ನಾವು. ಪ್ರತಿ ಸಲ ಮೊದಲ ದಿನವೇ ಮೊದಲ ನಂಬರಿನವರಾದ ಬೀಚಿನ ಕಡೆಯ ಬಲಾಢ್ಯರ ಕೈಯಲ್ಲಿ ಸೋತು ಮನೆಗೆ ಬರುತ್ತಿದ್ದೆವು, ಸೋತದ್ದಕ್ಕೆ ಮತ್ತೆ ಕೊನೆಯ ನಂಬರೇ ಆಗುತ್ತಿದ್ದೆವು.

ಕ್ಲಬ್ಬಿನ ಸೆಕ್ರೆಟರಿ ಗೋವಾದವರೇ, ಒಳ್ಳೆಯ ಮನುಷ್ಯ. ನಿಯಮ ಎಲ್ಲರಿಗೂ ಒಂದೇ ಎಂದು ಕೊಂಕಣಿಯಲ್ಲಿ ಸಮಾಧಾನವಾಗಿ ಹೇಳಿದರು. ಮೌಶಿ ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ ಹೇಳಿದ್ದು ಇಷ್ಟು: "ಒಂದ್ ವರ್ಷ ಚೀಟಿ ಎತ್ತಿ ಜೋಡಿ ಮಾಡ್ರಿ. ನಮ್ಮ ಹುಡುಗ್ರು ಕಪ್ ಗೆಲ್ಲಬೇಕಂತ ಇಲ್ರಿ. ಎರಡನೇ ದಿನ ಆಡೂದು ಒಮ್ಮೆ ನೋಡಬೇಕು." ಆ ವರ್ಷ ಆಗಲಿಲ್ಲ. ನಾವು ಎಂದಿನಂತೆ ಮೊದಲ ದಿನವೇ ಸೋತೆವು.

ಮಳೆಗಾಲದಲ್ಲಿ ಮೌಶಿಗೆ ಕಾಮಾಲೆಯಾಯಿತು. ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿಂದ ಅವರು ತಿರುಗಿ ಬರಲಿಲ್ಲ. ಸುದ್ದಿ ಬಂದಾಗ ನಾನು ಕ್ರೇನಿನ ಮೇಲಿದ್ದೆ. ಕೊಕ್ಕೆಯಲ್ಲಿದ್ದ ಸರಕು ಇಳಿಸಿಯೇ ಕೆಳಗೆ ಬಂದೆ. ಅಳು ಬರಲಿಲ್ಲ. ಮಣ್ಣು ಕೊಡುವಾಗಲೂ ಬರಲಿಲ್ಲ, ಖಾನಾವಳಿಯನ್ನು ಅವರ ತಂಗಿಯ ಮಗಳು ನಡೆಸತೊಡಗಿದಾಗಲೂ ಬರಲಿಲ್ಲ. ಊಟಕ್ಕೆ ರುಚಿ ಇರಲಿಲ್ಲ ಎಂದೂ ಹೇಳಲಾರೆ, ತಿಂದೆ ಅಷ್ಟೆ. ಹೆತ್ತ ಮಗನಂತೆ ನೋಡಿಕೊಂಡವರು ಸತ್ತರೆ ಮನಸ್ಸು ಹೀಗೆ ಮರಗಟ್ಟಿ ಕೂರುತ್ತದೆಂದು ನನಗೆ ಗೊತ್ತಿರಲಿಲ್ಲ.

ಚಳಿಗಾಲಕ್ಕೆ ಕ್ಲಬ್ಬಿನಿಂದ ಕರೆ ಬಂತು. ನಿಮ್ಮ ಮೌಶಿ ಅಷ್ಟು ಕೇಳಿಕೊಂಡಿದ್ದರು, ಈ ಸಲ ಚೀಟಿ ಎತ್ತೋಣ ಎಂದರು ಸೆಕ್ರೆಟರಿ. ಎಲ್ಲ ತಂಡದವರೂ ಸೇರಿದ್ದೆವು. ಸ್ಟೀಲ್ ಡಬ್ಬಿಯೊಳಗೆ ಕೈ ಹಾಕಿ ನಮ್ಮ ಹೆಸರು ತೆಗೆದರು, ಮತ್ತೆ ಕೈ ಹಾಕಿ ನಮ್ಮ ಎದುರಾಳಿಯ ಚೀಟಿ ತೆಗೆದರು. ಬಿಡಿಸಿ ನೋಡಿ ನನ್ನ ಕಡೆ ತಿರುಗಿಸಿ ಹಿಡಿದರು. ಅದೇ ಬೀಚಿನ ಕಡೆಯವರು.

"ಇದನ್ನು ಬಿಡೋಣ, ಇನ್ನೊಂದು ಎತ್ತಲೇ?" ಎಂದು ನನ್ನನ್ನೇ ಕೇಳಿದರು. ಯಾರೂ ಆಕ್ಷೇಪಿಸಲಿಲ್ಲ, ಆ ತಂಡದವರೂ ತಲೆಯಾಡಿಸಿ ಒಪ್ಪಿದರು. ಹಿಂದಿನಿಂದ ನಮ್ಮ ಹುಡುಗರು, "ಹೂಂ ಅನ್ರಿ ಅಣ್ಣಾ," ಎಂದು ತಿವಿಯುತ್ತಿದ್ದರು. ಹೂಂ ಎಂದಿದ್ದರೆ ಎರಡನೇ ದಿನ ನಮ್ಮದಾಗುವ ಸಾಧ್ಯತೆ ಇತ್ತು.

"ಬ್ಯಾಡ್ರಿ," ಅಂದೆ. "ಮೌಶಿ ಕೇಳಿದ್ದು ಚೀಟಿ ಅಷ್ಟ. ಬಂದಿದ್ದು ಬಂತು. ಅದ ಇರಲಿ."

ಮೊದಲ ದಿನವೇ ಸೋತೆವು. ಹುಡುಗರು ಎಷ್ಟೋ ದಿನ ನನ್ನ ಜೊತೆ ಮಾತು ಬಿಟ್ಟರು, ಅದೂ ನ್ಯಾಯವೇ. ಟೂರ್ನಮೆಂಟಿನ ಎರಡನೇ ದಿನ ಕೆಲಸಕ್ಕೆ ರಜೆ ಹಾಕಿ ಒಬ್ಬನೇ ಮೈದಾನಕ್ಕೆ ಹೋದೆ. ಯಾರ್ಯಾರೋ ಆಡುತ್ತಿದ್ದರು. ಕೊನೆಯವರೆಗೂ ಕೂತು ನೋಡಿದೆ, ಅಲ್ಲೇ ನನಗೆ ಅಳು ಬಂತು.